ಎರಡು ಬೆರಳು ಮೇಲಿನ ಕೀಲು

ಹುಬ್ಬಳ್ಳಿ
೧೨ ಆಗಸ್ಟ್ ೧೯೯೪

ಚಿ. ಸೌ. ಕೊಟ್ರಬಸಮ್ಮಳಿಗೆ ಹಾಲಸ್ವಾಮಿಯ ಆಶೀರ್ವಾದಗಳು.

ನಾನು ಇಲ್ಲಿ ಆರಾಮ ಇದ್ದೇನೆ. ಕಂಪ್ಲಿಯಲ್ಲಿ ಅತ್ತೆ, ಮಾವನವರೂ ಆರಾಮ ಇರಬೇಕು. ಮದುವೆಯಾಗಿ ಒಂದು ತಿಂಗಳು ನನ್ನ ಜೊತೆ ಇದ್ದು, ಆಷಾಢ ಬಂತೆಂದು ತವರಿಗೆ ಹೋದವಳು ನೀನು. ಆಷಾಢ ಮುಗಿದು ಶ್ರಾವಣದ ಮೊದಲ ಸೋಮವಾರವೂ ಆಯಿತು. ಬಂಡ್ರಿಯಿಂದ ನಮ್ಮ ಅವ್ವ ಹೇಳಿ ಕಳಿಸಿದ್ದಾಳೆ, "ಸೊಸಿ ಯಾವಾಗ ಬರ್ತಾಳ ಕೇಳು" ಅಂತ. ಏನು ಹೇಳಲಿ?

ಮಾಳಿಗೆ ಮೇಲಿನ ಖೋಲಿ ಬಿಟ್ಟು ಅದೇ ಮನೆಯ ಕೆಳಗಿನ ಖೋಲಿ ಹಿಡಿದಿದ್ದೇನೆ. ನಲ್ಲಿ ಹತ್ತಿರ ಆಗುತ್ತದೆ, ಅದಕ್ಕೆ.

ನನ್ನ ಕೆಲಸ ಏನೆಂದು ನೀನು ಕೇಳಿದಾಗ ಸರಿಯಾಗಿ ಹೇಳಲು ಬರಲಿಲ್ಲ. ಈಗ ಬರೆಯುತ್ತೇನೆ. ನಮ್ಮದು ಸಿ.ಎನ್.ಸಿ. ಮಿಲ್ಲಿಂಗ್ ಮಷೀನು. ಬೆರಳಷ್ಟು ಸ್ಟೀಲಿನ ತುಂಡನ್ನು ಬಿಗಿಯಾಗಿ ಹಿಡಿಸಿ ಒಂದು ಮಗ್ಗುಲು ಕೊರೆಯುತ್ತೇವೆ, ಆಮೇಲೆ ಬಿಚ್ಚಿ, ತಿರುವಿ ಹಿಡಿಸಿ ಇನ್ನೊಂದು ಮಗ್ಗುಲು. ಕೊರೆಯುವುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ತಿರುವಿ ಹಿಡಿಸುವುದು ಮಾತ್ರ ನನ್ನದು. ತಿರುವಿದ ಮೇಲೆ ತುಂಡು ಎಲ್ಲಿದೆ ಅಂತ ಮಷೀನಿಗೆ ತಿಳಿಯುವುದಿಲ್ಲ. ಮಷೀನಿನ ಮೊನೆಯನ್ನು ಮತ್ತೆ ಅದರ ಅಂಚಿಗೆ ಮುಟ್ಟಿಸಿ ತೋರಿಸಬೇಕು. ನಮ್ಮ ಮಿಸ್ತ್ರಿ ಜಂಬಯ್ಯನವರು ಹೊಸಪೇಟೆಯವರು, ದಿನಾ ಬೈಯುತ್ತಾರೆ: "ತಿರುವಿದ ಮ್ಯಾಲ ಹಳೇ ಅಳತಿ ನಂಬಬ್ಯಾಡಲೇ, ಮತ್ತ ಮುಟ್ಟಿ ನೋಡು."

ಬರುವ ದಿನ ಬರೆ. ಹೊಸಪೇಟೆ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಇಂತಿ,
ಹಾಲಸ್ವಾಮಿ

*

ಕಂಪ್ಲಿ
೨೦ ಆಗಸ್ಟ್ ೧೯೯೪

ಯಜಮಾನರಿಗೆ,

ನೀವೇನು ನನ್ನ ಮುತ್ಯಾ ಏನ್ರಿ, ಆಶೀರ್ವಾದ ಮಾಡಲಿಕ್ಕೆ? ಓದಿ ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ಹೌದು, ನಿಮ್ಮ ಪತ್ರ ಅವ್ವನಿಗೆ ಓದಿ ಹೇಳಿದೆ. ಓದಿ ಹೇಳಲು ಆಗದಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಇಲ್ಲಿ ಕೈತುಂಬ ಕೆಲಸ. ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದಿದೆ, ಗಣಪತಿ ಹಬ್ಬ ಬಂತು, ಎಮ್ಮಿಗನೂರಿನಿಂದಲೂ ಹೆಣ್ಣುಮಕ್ಕಳು ಹೊಸ ಸೀರೆಗೆ ಜಾಕೀಟು ಹೊಲಿಸಲು ಬರುತ್ತಿದ್ದಾರೆ. ಅರ್ಧ ಜನ ತಾವು ಬರುವುದಿಲ್ಲ, ಅಳತೆಗೆಂದು ಹಳೇ ಜಾಕೀಟು ಕಳಿಸುತ್ತಾರೆ. ಅದು ಮದುವೆಗೆ ಮುಂಚಿನದು, ಮೈ ಈಗಿನದು. ಹೊಲಿದು ಕೊಟ್ಟರೆ "ಏನ್ ಕೊಟ್ರಬಸಮ್ಮ, ಉಸುರು ಹಿಡಿತೈತಲ್ಲ" ಅಂತ ನನಗೇ ಬೈಗುಳ. ನಿಮ್ಮ ಮಿಸ್ತ್ರಿಯನ್ನು ಒಮ್ಮೆ ಇಲ್ಲಿಗೆ ಕಳಿಸಿರಿ, ಇವರಿಗೆಲ್ಲ ಬೈಯಲಿ.

ಬರುವ ವಿಚಾರ ಹಬ್ಬ ಆದ ಮೇಲೆ ನೋಡೋಣ. ನಲ್ಲಿ ಹತ್ತಿರ ಆಗಿದ್ದು ಒಳ್ಳೆಯದಾಯಿತು. ಮೆಟ್ಟಿಲೂ ಇಲ್ಲವಾಯಿತಲ್ಲ, ಅದನ್ನು ಬರೆಯಲು ಮರೆತಿರೇನೋ.

ನಿಮ್ಮ,
ಬಸಮ್ಮ

*

ಹುಬ್ಬಳ್ಳಿ
೧೩ ಸೆಪ್ಟೆಂಬರ್ ೧೯೯೪

ಬಸಮ್ಮನಿಗೆ,

ಗಣಪತಿ ಹಬ್ಬವೂ ಬಂದು ಹೋಯಿತು. ನಿನ್ನಿಂದ ಕಾಗದವಿಲ್ಲ. ನಾನು ಮಾತು ಕಡಿಮೆ ಆಡುವವನು, ಅದು ನನಗೂ ಗೊತ್ತು. ಆ ಒಂದು ತಿಂಗಳಲ್ಲಿ ನನ್ನಿಂದ ಏನಾದರೂ ಆಗಿದ್ದರೆ ಬಾಯಿಬಿಟ್ಟು ಹೇಳು. ಇಲ್ಲಿಗೆ ಬರಲು ನಿನಗೆ ಮನಸ್ಸೇ ಇಲ್ಲ ಅಂತಾದರೆ ಅದನ್ನೂ ಹೇಳು. ಗೊತ್ತಾಗದೆ ಇರುವುದು ಭಾಳ ಕಷ್ಟ.

ಹಾಲಸ್ವಾಮಿ

*

ಕಂಪ್ಲಿ
೧೯ ಸೆಪ್ಟೆಂಬರ್ ೧೯೯೪

ನನ್ನವರಿಗೆ,

ಈ ಕಾಗದವನ್ನು ಅವ್ವನಿಗೆ ಓದಿ ಹೇಳಿಲ್ಲ.

ನಿಮ್ಮ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಮನಸ್ಸಿಲ್ಲ ಅಂತ ಬರೆದಿರಲ್ಲ, ಅದಕ್ಕೆ ಮಾತ್ರ ಸಿಟ್ಟು ಬಂತು. ಮನಸ್ಸು ಇದೆ. ಬಸ್ಸು ಬೇಡವಾಗಿದೆ.

ಮೊದಲ ಸಲ ಹೊಸಪೇಟೆಯಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದ್ದು ನೆನಪಿದೆಯೇ? ಎರಡು ವರ್ಷದವಳಿದ್ದಾಗ ಜ್ವರ ಬಂದು ಸೋತುಹೋದ ಎಡಗಾಲು ನನ್ನದು. ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಇರುವ ಈ ಕ್ಯಾಲಿಪರ್ ಕಟ್ಟಿಕೊಂಡರೆ ನಿಲ್ಲುತ್ತೇನೆ, ನಡೆಯುತ್ತೇನೆ, ಆದರೆ ಮೊಣಕಾಲು ಮಡಚಲು ಬರುವುದಿಲ್ಲ. ಎರಡು ಸೀಟಿನ ನಡುವೆ ಹಿಡಿಸದೆ ಕಾಲನ್ನು ದಾರಿಗೆ ಚಾಚಿ ಕೂತಿದ್ದೆ. ಒಬ್ಬ ಮುದುಕಿ ಎಡವಿದಳು. "ಅಮ್ಮಾ, ಕಾಲು ಒಳಗ ತಗೋರಿ, ಮಂದಿ ಬೀಳ್ತಾರ" ಅಂದ ಕಂಡಕ್ಟರ್. ಎಲ್ಲಿ ತೆಗೆದುಕೊಳ್ಳಲಿ? ಆಗ ನೀವು ಎದ್ದು ಕಿಟಕಿ ಹತ್ತಿರದ ನಿಮ್ಮ ಸೀಟನ್ನು ಆ ಮುದುಕಿಗೆ ಕೊಟ್ಟಿರಿ. ಯಾರೂ ತುಳಿಯದಂತೆ ನನ್ನ ಕಾಲಿನ ಪಕ್ಕ ನಿಂತಿರಿ. ಕೊಪ್ಪಳ ಬಂತು, ಗದಗ ಬಂತು, ಸೀಟು ಖಾಲಿಯಾದವು. ನೀವು ಕೂರಲಿಲ್ಲ. ಒಂದು ಮಾತೂ ಆಡಲಿಲ್ಲ.

ಹುಬ್ಬಳ್ಳಿಯಲ್ಲಿ ಇಳಿದಾಗ ನೀವು ಯಾರಿಗೂ ಕಾಣದಂತೆ ಸೊಂಟ ಒತ್ತಿಕೊಂಡಿರಿ. ನನಗೆ ಕಂಡಿತು. ನಾನು ಬಂದರೆ ನೀವು ಹಬ್ಬಕ್ಕೆ, ಮದುವೆಗೆ, ಬಂಡ್ರಿಗೆ, ಕಂಪ್ಲಿಗೆ, ಜೀವನ ಪೂರ್ತಿ ಹೀಗೆ ನಿಂತೇ ಇರುತ್ತೀರಿ. ಅದು ನನ್ನಿಂದ ನೋಡಲಾಗದು. ಎಲ್ಲರಂತೆ ಕಾಲು ಮಡಚಿ ಬಸ್ಸಿನಲ್ಲಿ ಕೂರುವಂತಾದ ದಿನ ಬರುತ್ತೇನೆ. ಅಲ್ಲಿಯವರೆಗೆ ಕರೆಯಬೇಡಿರಿ.

ನಿಮ್ಮ,
ಬಸಮ್ಮ

*

ಹುಬ್ಬಳ್ಳಿ
೨೬ ಸೆಪ್ಟೆಂಬರ್ ೧೯೯೪

ಬಸಮ್ಮಾ,

ನಿನ್ನ ಕಾಗದವನ್ನು ಊಟದ ಹೊತ್ತಿನಲ್ಲಿ ಓದಿದೆ. ನಿಂತಿದ್ದಕ್ಕೆ ಸೊಂಟ ನೋವಾಗಿದ್ದು ನಿಜ. ನಿನ್ನ ಪಕ್ಕ ನಿಂತಿದ್ದೇನೆ ಅಂತ ಒಳಗೊಳಗೆ ಖುಷಿಯಾಗಿದ್ದೂ ನಿಜ. ಅದನ್ನು ಆಗಲೇ ಹೇಳಬೇಕಾಗಿತ್ತು.

ಜಂಬಯ್ಯನವರನ್ನು ಕೇಳಿದೆ. ಕ್ಯಾಲಿಪರ್‌ಗೆ ಮೊಣಕಾಲಿನ ಹತ್ತಿರ ಎರಡೂ ಕಡೆ ಕೀಲು ಇರುತ್ತದಂತೆ. ಎದ್ದು ನಿಂತರೆ ಒಂದು ಕಬ್ಬಿಣದ ಬಳೆ ತಾನಾಗಿ ಜಾರಿ ಕೆಳಗೆ ಬಂದು ಕೀಲನ್ನು ಬಿಗಿಯುತ್ತದೆ, ಕೂರುವಾಗ ಬಳೆಯನ್ನು ಮೇಲಕ್ಕೆ ಎತ್ತಿದರೆ ಕಾಲು ಮಡಚುತ್ತದೆ. ನಿನ್ನದರಲ್ಲಿ ಯಾಕೆ ಇಲ್ಲ? ಬೆರಳಷ್ಟು ತುಂಡುಗಳೇ ಅಲ್ಲವೇ, ನಾನು ಮಾಡುತ್ತೇನೆ. ಭಾನುವಾರ ಮಷೀನು ಬಳಸಿಕೊಳ್ಳಲು ಮಾಲೀಕರು ಒಪ್ಪಿದ್ದಾರೆ. ಆ ಕಬ್ಬಿಣದ ಪೂರ್ತಿ ಅಳತೆ ಕಳಿಸು.

ನಿನ್ನ,
ಹಾಲಸ್ವಾಮಿ

*

ಕಂಪ್ಲಿ
೫ ಅಕ್ಟೋಬರ್ ೧೯೯೪

ನನ್ನವರಿಗೆ,

ಕೀಲು ಇತ್ತು. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಬಳ್ಳಾರಿಯಲ್ಲಿ ಮಾಡಿಸಿದ್ದು. ಒಂದು ವರ್ಷ ಚೆನ್ನಾಗಿ ಮಡಚುತ್ತಿತ್ತು. ಒಂದು ದಿನ ಕಾಲುವೆಯ ಮೆಟ್ಟಿಲಿನ ಮೇಲೆ ಸವೆದಿದ್ದ ಬಳೆ ಮೇಲಕ್ಕೆ ಜಾರಿ ಕಾಲು ಮಡಚಿ, ನಾನು ನೀರಿಗೆ ಬಿದ್ದೆ. ಹರಿಯುವ ನೀರು. ಬಟ್ಟೆ ಒಗೆಯುತ್ತಿದ್ದ ಹೊಳೆಮ್ಮ ಜಡೆ ಹಿಡಿದು ಎಳೆದುಕೊಂಡಳು. ಅಪ್ಪ ರೈಸ್ ಮಿಲ್ಲಿನ ಮೆಕ್ಯಾನಿಕ್ ಅಲ್ಲವೇ, ಆ ಸಂಜೆಯೇ ಮಿಲ್ಲಿನಲ್ಲಿ ಎರಡೂ ಕೀಲಿಗೆ ಬೆಸುಗೆ ಹಾಕಿಬಿಟ್ಟರು. "ಮಡಚದಿದ್ರ ಬ್ಯಾಡ, ನನ್ನ ಮಗಳು ಬೀಳಬಾರದು" ಅಂದರು. ಅಂದಿನಿಂದ ಕಾಲು ನೆಟ್ಟಗೇ ಇದೆ. ಬಸ್ಸಿನಲ್ಲಿ ಕಿಟಕಿ ಹತ್ತಿರ ಒಮ್ಮೆಯೂ ಕೂತಿಲ್ಲ.

ಟೇಪಿನ ಅಂಕಿ ಅಳಿಸಿದೆ, ಅದಕ್ಕೆ ದಾರದಲ್ಲಿ ಅಳತೆ ಹಿಡಿದಿದ್ದೇನೆ. ಕೆಂಪು ದಾರ ಮೇಲಿನ ಪಟ್ಟಿ, ನೀಲಿ ದಾರ ಕೀಲಿನಿಂದ ಬೂಟಿನವರೆಗೆ, ಹಳದಿ ದಾರದ ಗಂಟುಗಳು ಪಟ್ಟಿಯ ಅಗಲ. ಕಬ್ಬಿಣ ಅಳೆಯುವುದಕ್ಕೆ ಇಷ್ಟು ಸಾಕಲ್ಲ?

ಮಾಡಿಕೊಡುತ್ತೀರಿ ಅಂತ ಗೊತ್ತು. ಆದರೂ ಭಯ ಆಗುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ನಿಮ್ಮ,
ಬಸಮ್ಮ

*

ಹುಬ್ಬಳ್ಳಿ
೨೪ ಅಕ್ಟೋಬರ್ ೧೯೯೪

ಬಸಮ್ಮಾ,

ಕೀಲು ತಯಾರಾಗಿದೆ! ಮೊದಲ ಸಲ ಕೆಡಿಸಿದೆ. ತುಂಡನ್ನು ತಿರುವಿ ಹಿಡಿಸುವಾಗ ಅಡಿಯಲ್ಲಿ ಒಂದು ಸಣ್ಣ ಚೂರು ಸಿಕ್ಕಿಕೊಂಡಿತ್ತು, ಕಣ್ಣಿಗೆ ಕಾಣದಷ್ಟು. ಮೇಲಿನ ತೂತು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಆಯಿತು. ಜಂಬಯ್ಯನವರು ಅದನ್ನು ಎತ್ತಿ ಹಿಡಿದು, "ಏನಲೇ, ಹೆಣ್ತಿ ಕಾಲಿಗಿ ಮಾಡಾಕತ್ತೀಯೋ, ಎತ್ತಿನ ಬಂಡಿಗೋ?" ಅಂದರು. ಎರಡನೇ ಸಲ ಒರೆಸಿ, ಊದಿ, ಮತ್ತೆ ಒರೆಸಿ, ಗೇಜಿನ ಮುಳ್ಳು ಅಲುಗಾಡದಂತೆ ಹಿಡಿಸಿದೆ. ಈಗ ತೂತುಗಳು ಒಂದಕ್ಕೊಂದು ಸರಿಯಾಗಿ ಕೂತಿವೆ. ಬಳೆ ಜಾರಿ ಬಿದ್ದಾಗ 'ಟಕ್' ಅನ್ನುತ್ತದೆ. ಆ ಸದ್ದು ಕೇಳಬೇಕು ನೀನು.

ಅಳಿಯನ ಮೊದಲ ದೀಪಾವಳಿಗೆ ಮಾವನವರು ಹೇಗೂ ಕರೆದಿದ್ದಾರೆ. ತರುತ್ತೇನೆ. ಬೆಸುಗೆ ಬಿದ್ದ ಕೀಲು ಕಡಿದು ಆ ಜಾಗಕ್ಕೆ ಇದನ್ನು ಕೂಡಿಸುತ್ತೇನೆ. ಅವರಿಗೆ ನೀನೇ ಹೇಳಿಡು, ನನಗೆ ಧೈರ್ಯವಿಲ್ಲ.

ನಿನ್ನ,
ಹಾಲಸ್ವಾಮಿ

*

ಹುಬ್ಬಳ್ಳಿ
೮ ನವೆಂಬರ್ ೧೯೯೪

ಬಸಮ್ಮಾ,

ಮೊಣಕೈ ಊತ ಇಳಿಯಿತೇ? ತಪ್ಪದೆ ಬರೆ.

ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಆರತಿ ತಟ್ಟೆ ಹಿಡಿದು ನೀನು ನನ್ನ ಮುಂದೆ ಎದ್ದು ನಿಂತೆ. ಬಳೆ ಪೂರ್ತಿ ಕೆಳಗೆ ಬರಲೇ ಇಲ್ಲ, ಮೊಣಕಾಲು ಕುಸಿಯಿತು. ದೀಪ, ಕುಂಕುಮ, ನೀನು, ಎಲ್ಲ ನನ್ನ ಕಾಲ ಬಳಿ. ಮನೆತುಂಬ ಬೀಗರು. ಮಾವನವರು ನನಗೆ ಬೈದಿದ್ದರೆ ಚೆನ್ನಾಗಿತ್ತು. ಅವರು ಸುಮ್ಮನೆ ನಿನ್ನನ್ನು ಎತ್ತಿ ಕೂರಿಸಿ, ಗೋಡೆ ಕಡೆ ತಿರುಗಿ ನಿಂತರು.

ನಾನು ಮಾಡಿದ ಕೀಲಿನಿಂದ ನೀನು ಬಿದ್ದೆ. ಇದಕ್ಕಿಂತ ಹೆಚ್ಚಿಗೆ ಬರೆಯಲು ಆಗುತ್ತಿಲ್ಲ.

ಹಾಲಸ್ವಾಮಿ

*

ಕಂಪ್ಲಿ
೨೦ ನವೆಂಬರ್ ೧೯೯೪

ನನ್ನವರಿಗೆ,

ಊತ ಇಳಿದಿದೆ. ಜಾಕೀಟು ಹೊಲಿಯುತ್ತಿದ್ದೇನೆ. ನಿಮ್ಮ ಹೊಸ ಪಂಚೆಯ ಎಣ್ಣೆ ಕಲೆ ಹೋಗಿಲ್ಲ, ಅದೊಂದೇ ದುಃಖ.

ಸಾಕು ಮಾಡಿರಿ ಆ ಗೋಳು. ಬಿದ್ದವಳು ನಾನು, ಸಮಾಧಾನ ಹೇಳಬೇಕಾದವಳೂ ನಾನೇ? ಬೀಳುವುದಕ್ಕೆ ಮುಂಚೆ ಏನಾಯಿತು ಅಂತ ಯಾರೂ ಕೇಳಲಿಲ್ಲ. ಆರತಿಗೆ ಮುಂಚೆ ಒಳಗಿನ ಕೋಣೆಯಲ್ಲಿ ಮಂಚದ ಮೇಲೆ ಕೂತು ಬಳೆ ಎತ್ತಿದೆ. ಕಾಲು ಮಡಚಿತು. ಎರಡೂ ಪಾದ ನೆಲದ ಮೇಲೆ ಜೋಡಿಯಾಗಿ ಇದ್ದವು. ಆ ಖುಷಿಗೆ ಅಲ್ಲೇ ಕೂತು ಅತ್ತೆ. ಅದಕ್ಕೇ ಹೊರಗೆ ಬರಲು ತಡವಾಯಿತು, ಅವ್ವ ಕೂಗಿ ಕೂಗಿ ಸಾಕಾದಳು. ಆದರೆ ಮಡಚಿದಾಗ ಕಬ್ಬಿಣ ತೊಡೆಯನ್ನು ಮೇಲಕ್ಕೆ ನೂಕುತ್ತಿತ್ತು, ಹಿಂದೆ ಚಿವುಟುತ್ತಿತ್ತು. ಅದನ್ನು ನಿಮಗೆ ಹೇಳಬೇಕಾಗಿತ್ತು, ಹೇಳಲಿಲ್ಲ.

ಅಪ್ಪ ಮತ್ತೆ ಬೆಸುಗೆ ಹಾಕುತ್ತೇನೆ ಅನ್ನುತ್ತಾರೆ. "ನಿಮ್ಮ ಕೀಲೂ ಬ್ಯಾಡ, ಹುಬ್ಬಳ್ಳಿನೂ ಬ್ಯಾಡ. ಅಳಿಯ ಬೇಕಾದ್ರ ಇಲ್ಲೇ ಬಂದು ಇರಲಿ" ಅಂದರು. ಸಂಕ್ರಾಂತಿಯವರೆಗೆ ತಡೆಯಿರಿ ಅಂತ ಕೈ ಮುಗಿದೆ. ಒಪ್ಪಿದ್ದಾರೆ. ಒಂದು ಸಲ ಬೆಸುಗೆ ಬಿದ್ದರೆ ನಾನು ಇಲ್ಲೇ ಉಳಿದಂತೆ. ಜಲ್ದಿ ಏನಾದರೂ ಮಾಡಿರಿ.

ನಿಮ್ಮ,
ಬಸಮ್ಮ

*

ಹುಬ್ಬಳ್ಳಿ
೫ ಡಿಸೆಂಬರ್ ೧೯೯೪

ಬಸಮ್ಮಾ,

ಒಂದು ಮಾತು ಕೇಳಬೇಕಾಗಿದೆ. ಹೇಗೆ ಕೇಳುವುದೋ ತಿಳಿಯದೆ ಮೂರು ಕಾಗದ ಹರಿದೆ.

ಅದೇ ಅಳತೆಗೆ ನಾನು ಮಾಡಿಟ್ಟುಕೊಂಡಿದ್ದ ಇನ್ನೊಂದು ಜೋಡಿ ಕೀಲನ್ನು ಮತ್ತೆ ಮತ್ತೆ ಅಳೆದೆ. ಕೂದಲೆಳೆಯಷ್ಟೂ ತಪ್ಪಿಲ್ಲ. ಬಳೆ ಸಲೀಸಾಗಿ ಜಾರುತ್ತದೆ. ಮತ್ತೆ ಯಾಕೆ ಚಿವುಟಿತು? ಜಂಬಯ್ಯನವರ ಮುಂದೆ ಇಟ್ಟೆ. ಅವರು ತುಂಡುಗಳನ್ನು ನೋಡಲೂ ಇಲ್ಲ. "ಆಕಿ ಕಾಲು ನೋಡಿಯೇನು?" ಅಂದರು. "ದಾರದಾಗ ಕಬ್ಬಿಣ ಅಳದಿ. ಕಬ್ಬಿಣ ಮಡಚತೈತೇನು? ಮಡಚೋದು ಮೊಣಕಾಲು. ಇಲ್ಲಿ ಬೊಟ್ಟಿನಷ್ಟು ಸ್ಟೀಲು ತಿರುವಿದ್ರ ಮತ್ತ ಮುಟ್ಟಿ ನೋಡ್ತಿ, ಕಟ್ಟಿಕೊಂಡಾಕಿ ಕಾಲು ಮುಟ್ಟಿ ನೋಡಲಿಲ್ಲ?"

ಹೌದು, ನೋಡಿಲ್ಲ. ಆ ಒಂದು ತಿಂಗಳು ನೀನು ದಿನಾ ದೀಪ ಆರಿಸಿದ ಮೇಲೆ ಕ್ಯಾಲಿಪರ್ ಬಿಚ್ಚುತ್ತಿದ್ದೆ. ನಾನು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ. ನಿನ್ನ ಮನಸ್ಸಿಗೆ ನೋವಾಗದಿರಲಿ ಅಂತ ತಿರುಗುತ್ತಿದ್ದೆ. ನೀನು ಅದನ್ನು ಬೇರೆ ಥರ ತಿಳಿದಿದ್ದೀಯೋ ಏನೋ ಅಂತ ಈಗ ಹೆದರಿಕೆಯಾಗುತ್ತಿದೆ.

ನಿನ್ನ ಜಾಕೀಟಿನವರ ಹಾಗೆ ಆಯಿತು ನಮ್ಮದು. ನಾನು ಹಳೇ ಜಾಕೀಟು ಕೇಳಿದೆ, ನೀನು ಹಳೇ ಜಾಕೀಟು ಕಳಿಸಿದೆ.

ನಿನ್ನ ಮೊಣಕಾಲನ್ನು ನೋಡಬೇಕು, ಮಡಚಿ, ಬಿಚ್ಚಿ, ಮುಟ್ಟಿ ನೋಡಬೇಕು. ಒಲ್ಲೆ ಅಂದರೆ ಇನ್ನೊಮ್ಮೆ ಕೇಳುವುದಿಲ್ಲ. ಆಗ ನಾನೇ ಇಲ್ಲಿ ಕೆಲಸ ಬಿಟ್ಟು ಕಂಪ್ಲಿಗೆ ಬಂದು ಮಾವನವರ ಮಿಲ್ಲಿನಲ್ಲಿ ನಿಲ್ಲುತ್ತೇನೆ.

ನಿನ್ನ,
ಹಾಲಸ್ವಾಮಿ

*

ಕಂಪ್ಲಿ
೩೦ ಡಿಸೆಂಬರ್ ೧೯೯೪

ನನ್ನವರಿಗೆ,

ತಡವಾಯಿತು. ನೀವು ಕಾದಿರುತ್ತೀರಿ ಅಂತ ಗೊತ್ತಿದ್ದೂ ತಡ ಮಾಡಿದೆ.

ನೀವು ಗೋಡೆ ಕಡೆ ತಿರುಗುತ್ತಿದ್ದದ್ದು ಅಸಹ್ಯಕ್ಕೆ ಅಂತಲೇ ತಿಳಿದಿದ್ದೆ. ಇಷ್ಟು ದಿನ ಅದನ್ನು ಒಳಗೆ ಇಟ್ಟುಕೊಂಡು ನಿಮ್ಮ ಜೊತೆ ನಗುತ್ತಾ ಬರೆಯುತ್ತಿದ್ದೆ. ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆ ಹರಿದು ಅಂಟಿಸಿದ್ದೇನೆ.

ಜಾಕೀಟು ಕತ್ತರಿಸುವ ಹಾಳೆ ಹಾಸಿ, ಅದರ ಮೇಲೆ ಕಾಲಿಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಕಳಿಸಬೇಕು ಅಂತಲೇ ಎಳೆದೆ. ಆಮೇಲೆ ಒಲೆಗೆ ಹಾಕಿದೆ. ಹಾಳೆ ಚಪ್ಪಟೆ, ಕಾಲು ದುಂಡಗೆ. ಅದರಿಂದ ನಿಮಗೆ ಏನು ತಿಳಿದೀತು?

ನೀವೇ ಬರ್ರಿ, ಸಂಕ್ರಾಂತಿಗೆ. ದೀಪ ಆರಿಸುವುದು ಬೇಡ, ಹಗಲಲ್ಲೇ ನೋಡಿರಿ.

ಬಸಮ್ಮ

*

ಹುಬ್ಬಳ್ಳಿ
೧೯ ಜನವರಿ ೧೯೯೫

ನನ್ನ ಬಸಮ್ಮಾ,

ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಬೊಟ್ಟುಗಳನ್ನೇ ನೋಡಿಕೊಂಡು ಬಂದೆ. ಪಕ್ಕದವನು ಏನಾಗಿದೆ ಅಂತ ಕೇಳಿದ. ಏನಿಲ್ಲ ಅಂದೆ.

ಆ ಮಧ್ಯಾಹ್ನ ಅತ್ತೆ ಬೇಕಂತಲೇ ಪಕ್ಕದ ಮನೆಗೆ ಎಳ್ಳು ಬೀರಲು ಹೋದರು. ನೀನು ಚಾಪೆಯ ಮೇಲೆ ಕೂತು ಚರ್ಮದ ಬೆಲ್ಟು ಬಿಚ್ಚಿ ಕ್ಯಾಲಿಪರ್ ಪಕ್ಕಕ್ಕೆ ಇಟ್ಟೆ. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ನಾನು ಮೊಣಕಾಲಿನ ಎರಡೂ ಕಡೆ ಹೆಬ್ಬೆಟ್ಟು ಇಟ್ಟು ಮೆಲ್ಲಗೆ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ. ನೀನು ಅಷ್ಟೂ ಹೊತ್ತು ಕಿಟಕಿ ಕಡೆ ನೋಡುತ್ತಿದ್ದೆ. ಎಲ್ಲ ಕಡೆ ಚರ್ಮ ಜರುಗುತ್ತಿತ್ತು, ಒಂದು ಜಾಗ ಮಾತ್ರ ಜರುಗಲಿಲ್ಲ. "ಸಿಕ್ತೇನ್ರಿ?" ಅಂದೆ ನೀನು, ಅತ್ತ ತಿರುಗಿಕೊಂಡೇ. ನಿನ್ನ ಹೊಲಿಗೆಯ ಸೀಮೆಸುಣ್ಣದಿಂದ ಅಲ್ಲಿ ಒಂದು ಗುರುತು ಹಾಕಿದೆ.

ಕೀಲು ಕೂರಬೇಕಾದ ಆ ಜಾಗ ಹಳೇ ಕೀಲಿಗಿಂತ ಎರಡು ಬೆರಳು ಮೇಲೆ ಇದೆ. ಹದಿನಾಲ್ಕು ವರ್ಷದ ಹುಡುಗಿಗೆ ಮಾಡಿದ ಕ್ಯಾಲಿಪರ್ ಅದು. ಆಮೇಲೆ ನೀನು ಬೆಳೆದೆ, ಮೊಣಕಾಲು ಮೇಲೆ ಹೋಯಿತು, ಕೀಲು ಅಲ್ಲೇ ಉಳಿಯಿತು. ಬೆಸುಗೆ ಬಿದ್ದ ಕೀಲು ಮಡಚುವುದೇ ಇಲ್ಲವಲ್ಲ, ಅದಕ್ಕೆ ಯಾರಿಗೂ ತಿಳಿಯಲಿಲ್ಲ. ದೀಪಾವಳಿಗೆ ಬಳೆ ಕೆಳಗೆ ಬರದೆ ಸಿಕ್ಕಿಕೊಂಡಿದ್ದೂ ಇದರಿಂದಲೇ. ಮಾವನವರಿಗೆ ಹೇಳಿದಾಗ ನಿನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮಗಳು ಬೀಳಬಾರದಂತ ನೋಡಿದೆ, ಬೆಳೆದದ್ದು ನೋಡಲಿಲ್ಲ" ಅಂದು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಪಟ್ಟಿಗಳನ್ನು ಹೊಸದಾಗಿ ಕತ್ತರಿಸಿ ಕೂಡಿಸುವುದು ತಮ್ಮ ಕೆಲಸ ಅಂತ ಆಮೇಲೆ ಅವರೇ ಹೇಳಿದರು.

ಹಳೇ ತುಂಡುಗಳು ಹೊಸ ಪಟ್ಟಿಗೆ ಹೊಂದುವುದಿಲ್ಲ. ಬೇರೆ ಮಾಡುತ್ತಿದ್ದೇನೆ. ಈ ಸಲ ಒಳಮಗ್ಗುಲಿನ ಕೀಲು, ಹೊರಮಗ್ಗುಲಿನ ಕೀಲು ಎರಡನ್ನೂ ಜೋಡಿಸಿ ಒಟ್ಟಿಗೆ ಹಿಡಿಸಿ, ಒಂದೇ ಸಲಕ್ಕೆ ತೂತು ಕೊರೆಯುತ್ತೇನೆ. ಎರಡರ ನಡುವೆ ನಿನ್ನ ಮೊಣಕಾಲು ಇದೆ ಅಂತ ಈಗ ನನಗೆ ಗೊತ್ತು. ಮುಂದಿನ ಗುರುವಾರದ ಹೊಸಪೇಟೆ ಬಸ್ಸಿನಲ್ಲಿ ಜಂಬಯ್ಯನವರು ಊರಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ.

ನಿನ್ನ ಕಾಲು ನನ್ನ ಕೈಗೆ ಬೆಚ್ಚಗಿತ್ತು. ಇದನ್ನು ಅತ್ತೆಗೆ ಓದಿ ಹೇಳಬೇಡ.

ನಿನ್ನವ,
ಹಾಲಸ್ವಾಮಿ

*

ಕಂಪ್ಲಿ
೧೬ ಫೆಬ್ರವರಿ ೧೯೯೫

ನನ್ನ ರಾಯರಿಗೆ,

ಅವ್ವನಿಗೆ ಓದಿ ಹೇಳಲಿಲ್ಲ. ಅದಕ್ಕೆ ಅವಳು ಇನ್ನೂ ಮುನಿಸಿಕೊಂಡಿದ್ದಾಳೆ.

ನಿಮ್ಮ ಜಂಬಯ್ಯನವರು ಕೀಲು ಕೊಡಲು ಹೊಸಪೇಟೆಯಿಂದ ಕಂಪ್ಲಿಯವರೆಗೆ ತಾವೇ ಬಂದರು. "ನಿನ್ನ ಗಂಡ ಇದನ್ನ ಒರಸಿ ಒರಸಿ ಸವಸಿಬಿಡ್ತಿದ್ದ, ಕಸಗೊಂಡು ಬಂದೆ" ಅಂದರು. ಅಪ್ಪ ಮಿಲ್ಲಿಗೆ ರಜೆ ಹಾಕಿ ಕೂತು ಪಟ್ಟಿ ಕತ್ತರಿಸಿ ಕೂಡಿಸಿದರು. ಯಾರಿಗೂ ಮುಟ್ಟಲು ಬಿಡಲಿಲ್ಲ. ನಾನು ಕಟ್ಟಿಕೊಂಡು ಎದ್ದು ನಿಂತಾಗ, ಬಿದ್ದರೆ ಹಿಡಿಯಲೆಂದು ಎರಡೂ ಕೈ ಚಾಚಿದ್ದರು. ಟಕ್ ಅಂದಿತು. ನಾನು ನಿಂತಿದ್ದೆ. ಅಪ್ಪ ಕೈ ಇಳಿಸಲಿಲ್ಲ, ನಾನೇ ಹಿಡಿದು ಇಳಿಸಿದೆ. ಅದಾದ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯಲ್ಲಿ ಕೂರುವುದು, ಏಳುವುದು, ಅದೇ ಕೆಲಸ. ಚಿವುಟುವುದಿಲ್ಲ, ನೂಕುವುದಿಲ್ಲ.

ನಿಮಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ನಿನ್ನೆ ಕಂಪ್ಲಿಯಲ್ಲಿ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ ಬಂದೆ. ಬೇಡವೆಂದರೂ ಅಪ್ಪ ಹಿಂದಿನ ಸೀಟಿನಲ್ಲಿ ಬಂದು ಕೂತರು. ನಾನು ಒಳಗೆ ಸರಿದು ಕಿಟಕಿ ಹತ್ತಿರ ಕೂತೆ. ಬಳೆ ಎತ್ತಿದೆ, ಕಾಲು ಮಡಚಿದೆ, ಸೀರೆ ಸರಿಮಾಡಿಕೊಂಡೆ. ಒಬ್ಬಳು ಬಾಳೆಗೊನೆ ಹಿಡಿದುಕೊಂಡು ಬಂದು, "ಅಕ್ಕಾ, ಸ್ವಲ್ಪ ಸರೀರಿ" ಅಂದು ಪಕ್ಕದಲ್ಲಿ ಕೂತಳು. ನನ್ನ ಕಾಲಿನ ಕಡೆ ತಿರುಗಿಯೂ ನೋಡಲಿಲ್ಲ! ಕಂಡಕ್ಟರ್ ಬಂದು ಟಿಕೆಟ್ ಹರಿದು ಕೊಟ್ಟು ಹೋದ. ಒಂದೇ ಒಂದು ಮಾತು ಆಡಲಿಲ್ಲ. ಕಮಲಾಪುರದ ಬಾಳೆ ತೋಟಗಳನ್ನು ಹುಟ್ಟಿದಾಗಿನಿಂದ ನೋಡಿದವಳು ನಾನು, ಕಿಟಕಿಯಿಂದ ಈಗಷ್ಟೇ ನೋಡಿದೆ. ಗಾಳಿಗೆ ಜಡೆ ಬಿಚ್ಚಿಹೋಯಿತು, ಕಟ್ಟಿಕೊಳ್ಳಲಿಲ್ಲ.

ಮುಂದಿನ ಗುರುವಾರ ಬೆಳಿಗ್ಗೆ ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಹೊಲಿಗೆ ಮಷೀನು, ಒಂದು ಟ್ರಂಕು, ಅವ್ವ ಕೊಟ್ಟ ಕೆಂಪಿಂಡಿ ಚಟ್ನಿ. ನೀವು ಬರಲೇಬೇಕು. ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿ ಹತ್ತಿರ ನಾನು ಕೂರುತ್ತೇನೆ, ಅದರಲ್ಲಿ ಮಾತಿಲ್ಲ. ನನ್ನ ಪಕ್ಕದ ಸೀಟು ನಿಮ್ಮದು. ಯಾವ ಮುದುಕಿ ಬಂದರೂ ಏಳಬೇಡಿರಿ. ಈ ಸಲ ಹುಬ್ಬಳ್ಳಿ ಬರುವವರೆಗೂ ನೀವು ಕೂತಿರಬೇಕು.

ನಿಮ್ಮ,
ಬಸಮ್ಮ